ಬರ್ಕ್ಲಿಯಲ್ಲಿ ಕಲಿತ ಹೆಸರುಗಳು

ಕಾಲೇಜಿನಲ್ಲಿ ನನಗಿದ್ದದ್ದು ಒಂದೇ ಹೆಸರು, 'ಕ್ಯಾಲಿಪರ್'. ಪೋಲಿಯೊ ಆದ ನನ್ನ ಕಾಲಿಗೆ ಆಸರೆಯಾಗಿ ಕಟ್ಟುತ್ತಿದ್ದ ಪಟ್ಟಿಯ ಹೆಸರು ಅದು. ಹಾಗೆ ಕರೆದವರೇ ನನ್ನನ್ನು ಎರಡನೇ ಮಹಡಿಯ ಕೆಮಿಸ್ಟ್ರಿ ಲ್ಯಾಬಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಹಾಗಾಗಿ ಬೇಜಾರು ಮಾಡಿಕೊಳ್ಳುವ ಹಾಗೂ ಇರಲಿಲ್ಲ.

ಎಂಎಸ್ ಓದಲು ಅಮೆರಿಕದ ಬರ್ಕ್ಲಿಗೆ ಹೋದ ಮೊದಲ ವಾರ. ಟೆಲಿಗ್ರಾಫ್ ಅವೆನ್ಯೂದಲ್ಲಿ ರಸ್ತೆ ದಾಟಬೇಕಿತ್ತು. ಮೂಲೆ ಬಂತು, ಅಭ್ಯಾಸದಂತೆ ಊರುಗೋಲು ಕೆಳಗಿಡಲು ಮೈ ಬಿಗಿ ಮಾಡಿಕೊಂಡೆ, ನೋಡಿದರೆ ಫುಟ್‌ಪಾತ್ ತಾನೇ ಮೆಲ್ಲಗೆ ತಗ್ಗಿ ರಸ್ತೆಗೆ ಸೇರಿಕೊಂಡಿತ್ತು. ಪಕ್ಕದಲ್ಲೇ ಒಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ಇಳಿದು ಹೋದಳು. ನಾನು ಸುಮ್ನೆ ಎರಡು ಸಲ ಹತ್ತಿ ಇಳಿದೆ!

ಅದೇನು ಪುಕ್ಕಟೆ ಬಂದದ್ದಲ್ಲ. 1962ರಲ್ಲಿ ಅಲ್ಲಿಗೆ ಓದಲು ಬಂದ ಎಡ್ ರಾಬರ್ಟ್ಸ್‌ಗೂ ನನ್ನ ಹಾಗೆ ಪೋಲಿಯೊ, ಆದರೆ ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಸ್ವಾಧೀನವೇ ಇಲ್ಲ. ಅವನ ಉಸಿರಾಟದ ಯಂತ್ರಕ್ಕೆ ಹಾಸ್ಟೆಲಿನಲ್ಲಿ ಜಾಗ ಇಲ್ಲದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ ಕೋಣೆ ಕೊಟ್ಟರು. ಆಮೇಲೆ ಅಂಥವರೇ ಇನ್ನಷ್ಟು ಜನ ಸೇರಿ, 'ರೋಲಿಂಗ್ ಕ್ವಾಡ್ಸ್' ಅಂತ ಗುಂಪು ಕಟ್ಟಿ, ನಗರಸಭೆಯ ಬೆನ್ನು ಹತ್ತಿ ಇಂಥ ಇಳಿಜಾರು ಮಾಡಿಸಿದರು.

ಇಷ್ಟೆಲ್ಲ ಆದ ಊರಲ್ಲಿ ನಮ್ಮನ್ನು ಏನಂತ ಕರೆಯಬೇಕು ಅನ್ನುವುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಊಟದ ಟೇಬಲ್ಲಿನಲ್ಲಿ ದಿನಾ ಅದೇ ಜಗಳ. ತಮ್ಮನಿಗೆ ಡೌನ್ ಸಿಂಡ್ರೋಮ್ ಇದ್ದ ಒಬ್ಬಳು 'ಅವನು ಮೊದಲು ಮನುಷ್ಯ, ತೊಂದರೆಯ ಹೆಸರು ಆಮೇಲೆ' ಅನ್ನುತ್ತಿದ್ದಳು. ವೀಲ್‌ಚೇರಿನ ಗೆಳೆಯನಿಗೆ ಇದು ಕೇಳಿದರೇ ಸಿಟ್ಟು. 'ಡಿಸೇಬಲ್ಡ್ ಅಂತಲೇ ಹೇಳು, ಅದೇನು ಬೈಗುಳವಾ? ನನಗೆ ಅಡ್ಡ ಬರೋದು ಕಾಲಲ್ಲ, ಮೆಟ್ಟಿಲು' ಅನ್ನುತ್ತಿದ್ದ. ನಾನು ಜಾಸ್ತಿ ಅವನ ಪಕ್ಷ.

ಕಿವಿ ಕೇಳದ ಗೆಳತಿ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ಅವಳು ಓದಿದ್ದು ವಾಷಿಂಗ್ಟನ್ನಿನಲ್ಲಿ, ಕಿವುಡರಿಗೆಂದೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ. ಕಿವಿ ಕೇಳುವವರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಮಾಡಿದರು ಅಂತ 1988ರಲ್ಲಿ ವಿದ್ಯಾರ್ಥಿಗಳು ಬಾಗಿಲು ಹಾಕಿಸಿ, ಒಂದೇ ವಾರದಲ್ಲಿ ಕಿವುಡರೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿದ ಜಾಗ ಅದು. ಅವಳ ಮಟ್ಟಿಗೆ ಕಿವುಡುತನ ಕೊರತೆಯೇ ಅಲ್ಲ, ಸನ್ನೆ ಭಾಷೆ ಆಡುವ ಒಂದು ಜನ, ಅಷ್ಟೇ. ಕಿವುಡು ಮಕ್ಕಳಿಗೆ ಆಪರೇಷನ್ ಮಾಡಿ ಶಬ್ದ ಕೇಳಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸುವ ಮಾತೆತ್ತಿದರೆ ಅವಳ ಕೈಗಳು ರಪರಪ ಓಡುತ್ತಿದ್ದವು. ಈ ಒಂದು ವಿಷಯದಲ್ಲಿ ನನಗೆ ಇವತ್ತಿಗೂ ಅವಳ ಜೊತೆ ಪೂರ್ತಿ ಒಪ್ಪಿಗೆ ಇಲ್ಲ.

'ಹಾಗಾದರೆ 1990ರ ಡಿಸಬಿಲಿಟಿ ಕಾನೂನು ಹೇಳಿ ಕ್ಲಾಸಿಗೆ ಪಾಠವನ್ನು ಸನ್ನೆಯಲ್ಲಿ ಹೇಳುವ ಇಂಟರ್‌ಪ್ರಿಟರ್ ಯಾಕೆ ಕೇಳಿದೆ?' ಅಂತ ಒಮ್ಮೆ ಕೆಣಕಿದೆ.

'ಇಂಟರ್‌ಪ್ರಿಟರ್ ಬೇಕಾಗಿರೋದು ನಿಮಗೆ. ಸನ್ನೆ ಬಾರದವರು ನೀವು ತಾನೇ?'

ನಿನ್ನನ್ನು ನಿಮ್ಮೂರಲ್ಲಿ ಏನಂತಾರೆ ಅಂತ ಕೇಳಿದರು. ಅಂಗವಿಕಲ, ವಿಕಲಚೇತನ ಎಲ್ಲ ಬಿಡಿಸಿ ಹೇಳಿ, ಕೊನೆಗೆ ಕ್ಯಾಲಿಪರ್ ಕಥೆಯನ್ನೂ ಹೇಳಿದೆ. ಎಲ್ಲರೂ ನಕ್ಕರು, ವೀಲ್‌ಚೇರಿನವನು ಮಾತ್ರ ನಗಲಿಲ್ಲ.

'ಮೂರು ವರ್ಷ ನಿನ್ನನ್ನ ಹೊತ್ರು ಸರಿ. ಲ್ಯಾಬನ್ನ ಕೆಳಗೆ ತನ್ನಿ ಅಂತ ಯಾರೂ ಕೇಳಲಿಲ್ವಾ?'

ಬೇರೆಯವರ ಮಾತು ಬಿಡಿ, ನಾನೇ ಕೇಳಿರಲಿಲ್ಲ. ಅಂದ ಹಾಗೆ, ಲ್ಯಾಬ್ ಈಗಲೂ ಮೇಲೇ ಇದೆಯಾ?