ಕಂಟ್ರೋಲ್ ಕಟ್ಲೆಟ್ ಒಡೆದಿರಲಿಲ್ಲ

ಮಂಜೇಶ್ವರದ ಮೀನಿನ ಅಕ್ಕ ಈಗಲೂ ನನ್ನನ್ನು ಕಂಡರೆ ದೂರದಿಂದಲೇ ಕೂಗುತ್ತಾರೆ: “ಟೀಚರೇ, ಮೀನು ಫ್ರೆಶ್ ಉಂಟಾ ನೋಡಿ!” ಪಕ್ಕದ ಬುಟ್ಟಿಯವರೆಲ್ಲ ನಗುತ್ತಾರೆ. ನಾನು ಟೀಚರಲ್ಲ, ಲ್ಯಾಬೊಂದರಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಆದರೆ ಕಾಸರಗೋಡಿನ ಕಡೆ ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಹೆಂಗಸೆಲ್ಲ ಟೀಚರೇ.

ನಮ್ಮ ಕೆಲಸ, ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುವ ಬಾಳೆದಿಂಡನ್ನು ಒಣಗಿಸಿ ಪುಡಿ ಮಾಡಿ ಬಂಗುಡೆ ಕಟ್ಲೆಟ್ಟಿಗೆ ಸೇರಿಸುವುದು. ಮೀನಿನಲ್ಲಿ ನಾರು ಇಲ್ಲ, ದಿಂಡಿನಲ್ಲಿ ಬೇಕಾದಷ್ಟಿದೆ. ಆ ನಾರು ನೀರು ಹಿಡಿದುಕೊಂಡರೆ ಹುರಿಯುವಾಗ ಕಟ್ಲೆಟ್ ರಸ ಬಿಡುವುದಿಲ್ಲ. ಹೆಚ್ಚಿದ ದಿಂಡು ಕಪ್ಪಾಗಬಾರದೆಂದು ಅಮ್ಮ ಮಜ್ಜಿಗೆ ನೀರಿಗೆ ಹಾಕುತ್ತಿದ್ದರು, ನಾವು ಸಿಟ್ರಿಕ್ ಆಸಿಡ್ಡಿಗೆ ಹಾಕುತ್ತೇವೆ. ಅಮ್ಮ ಬೆರಳಿಗೆ ಸುತ್ತಿ ಸುತ್ತಿ ಎಸೆಯುತ್ತಿದ್ದ ನೂಲೇ ನಮಗೆ ಬೇಕಾದ್ದು, ಅಷ್ಟೇ ವ್ಯತ್ಯಾಸ.

ಜೂನ್ ಕೊನೆಯ ವಾರ. ಟ್ರಾಲಿಂಗ್ ನಿಷೇಧದ 52 ದಿನಗಳ ನಡುವೆ ನಾಡದೋಣಿಯವರು ತಂದದ್ದೇ ಗತಿ. ಗುರುವಾರ ರಿವ್ಯೂ. ಮಂಗಳವಾರ ದಿಂಡು ಟ್ರೇ ಡ್ರೈಯರಿನಲ್ಲಿ 55 ಡಿಗ್ರಿಯಲ್ಲಿ ಒಣಗುತ್ತಿರುವಾಗ ಗಾಳಿಮಳೆಗೆ ಕರೆಂಟ್ ಹೋಯಿತು. ಜನರೇಟರ್ ಲೈನು ಡೀಪ್ ಫ್ರೀಜರಿಗೆ ಮಾತ್ರ. ಡ್ರೈಯರನ್ನೂ ಅದಕ್ಕೆ ಸೇರಿಸಿ ಎಂದು ಎರಡು ವರ್ಷದಿಂದ ಬರೆಯುತ್ತಿದ್ದೇವೆ. ಕೊಟೇಶನ್ ಮೂರು ಬೇಕಂತೆ, ಎರಡೇ ಬಂದಿದೆಯಂತೆ. ಆರು ಗಂಟೆ ಕಾದು, ಕರೆಂಟ್ ಬಂದದ್ದೇ ನಾಬನ್ನು 95ಕ್ಕೆ ತಿರುಗಿಸಿ ಮನೆಗೆ ಹೋದೆ.

ಬೆಳಿಗ್ಗೆ ಪುಡಿಗೆ ಕಾಫಿಪುಡಿಯ ಬಣ್ಣ ಬಂದಿತ್ತು. ತೇವಾಂಶ ನೋಡಿದೆ, ಸರಿ ಇತ್ತು. ನೀರು ಹಿಡಿಯುವ ಶಕ್ತಿ ನೋಡಬೇಕಾದರೆ ನೆನೆಸಿ, ಸೆಂಟ್ರಿಫ್ಯೂಜಿಗೆ ಹಾಕಿ, ನೀರು ಬಸಿದು ತೂಗಬೇಕು. ಸೆಂಟ್ರಿಫ್ಯೂಜಿಗೆ ಪಕ್ಕದ ಪ್ರಾಜೆಕ್ಟಿನವರ ಕ್ಯೂ. ಹಿಂದಿನ ಬ್ಯಾಚಿನ ಅಂಕಿಯನ್ನೇ ರಿಜಿಸ್ಟರಿಗೆ ಇಳಿಸಿದೆ, ಕಟ್ಲೆಟ್ಟಿಗೆ ನೀರನ್ನೂ ಆ ಲೆಕ್ಕದಲ್ಲೇ ಸೇರಿಸಿದೆ. ಇದನ್ನು ಬರೆಯಲು ಈಗಲೂ ನಾಚಿಕೆ.

ಗುರುವಾರ ಹನ್ನೊಂದೂವರೆ. ಕಮಿಟಿಯ ಮೂವರು ಕುರ್ಚಿಯಲ್ಲಿ, ನಾನು ಕಾವಲಿಯ ಎದುರು. ಎಡಗಡೆ ನಾರು ಹಾಕದ ಕಂಟ್ರೋಲ್, ಬಲಗಡೆ ನಮ್ಮದು. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಲಗಡೆಯವುಗಳ ಅಡಿಯಿಂದ ಬೂದು ಬಣ್ಣದ ನೀರು ಒಸರತೊಡಗಿತು. ಎಣ್ಣೆ ಚಟಪಟ ಸಿಡಿದು ಒಬ್ಬರು ಕುರ್ಚಿ ಹಿಂದೆ ಸರಿಸಿಕೊಂಡರು. ಸಟ್ಟುಗ ಹಾಕಿ ಮಗುಚಿದೆ, ಕಟ್ಲೆಟ್ ಮೂರು ಚೂರಾಯಿತು. ಇನ್ನೊಂದು ಮಗುಚಿದೆ, ಅದೂ ಹಾಗೇ. ಮೂರನೆಯದನ್ನು ಮಗುಚುವ ಧೈರ್ಯ ಬರಲಿಲ್ಲ. ಸಟ್ಟುಗ ಹಿಡಿದು ಸುಮ್ಮನೆ ನಿಂತೆ.

ನಮ್ಮ ಸರ್ ಮೆಲ್ಲಗೆ ಕೇಳಿದರು, “ಮೀನು ಹಳತಾ?”

“ಹೌದು ಸರ್. ಮಳೆಗಾಲ ಅಲ್ವಾ.” ಬಾಯಿಗೆ ಎಷ್ಟು ಸಲೀಸಾಗಿ ಬಂತು!

ಸಂಜೆ ಸೀದಾ ಮಾರ್ಕೆಟಿಗೆ ಹೋಗಿ ಅಕ್ಕನನ್ನು ನಾಲ್ಕು ಗಿರಾಕಿಗಳ ಎದುರೇ ತರಾಟೆಗೆ ತೆಗೆದುಕೊಂಡೆ. ಅವರು ಜಗಳ ಮಾಡಲಿಲ್ಲ. ಬುಟ್ಟಿಯಿಂದ ಬಂಗುಡೆಯೊಂದನ್ನು ತೆಗೆದು ಕಿವಿರು ಬಿಡಿಸಿ ತೋರಿಸಿದರು, ಕೆಂಪಗಿತ್ತು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರು, ಗುಳಿ ನಿಲ್ಲಲಿಲ್ಲ. “ನಿನ್ನೆ ಕೊಟ್ಟದ್ದೂ ಹೀಗೇ ಇತ್ತು ಟೀಚರೇ. ನಿಮ್ಮ ಮಿಷನಿಗೆ ಏನೋ ಆಗಿದೆ.”

ಅದೇ ಮೀನಿನ ಟಿವಿಬಿಎನ್ (ಮೀನು ಕೆಟ್ಟಂತೆ ಹೆಚ್ಚುವ, ಆವಿಯಾಗಬಲ್ಲ ಸಾರಜನಕದ ಲೆಕ್ಕ) ಸ್ಯಾಂಪಲನ್ನು ಬುಧವಾರವೇ ಈ ಪರೀಕ್ಷೆಯ ಗಾಜಿನ ತಟ್ಟೆಯಾದ ಕಾನ್ವೇ ಡಿಶ್‌ನಲ್ಲಿ ಇಟ್ಟಿದ್ದೆ, ಗಡಿಬಿಡಿಯಲ್ಲಿ ಟೈಟ್ರೇಟ್ ಮಾಡಿರಲಿಲ್ಲ, ಅಂದರೆ ಆಸಿಡ್ ಹನಿಸಿ ಅಳೆದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ವ್ಯಾಸಲೀನ್ ಹಚ್ಚಿದ ಮುಚ್ಚಳ ಸರಿಸಿ ಬ್ಯುರೆಟ್ಟಿನಿಂದ ಆಸಿಡ್ ಬಿಟ್ಟೆ. ಕೆಲವೇ ಹನಿಗೆ ಹಸಿರು ಹೋಗಿ ಗುಲಾಬಿ ಬಂತು. ಹನಿ ಕಡಿಮೆ ಬೇಕಾದಷ್ಟೂ ಮೀನು ತಾಜಾ. ನಂಬಿಕೆಯಾಗದೆ ಡುಪ್ಲಿಕೇಟ್ ನೋಡಿದೆ, ಅದೂ ಹಾಗೇ. 100 ಗ್ರಾಮಿಗೆ 12 ಮಿಲಿಗ್ರಾಂ. ಮೀನು ಕೆಟ್ಟಿತು ಎನ್ನಲು ಸಾಮಾನ್ಯವಾಗಿ 30–35 ದಾಟಬೇಕು. ಅಕ್ಕನ ಹೆಬ್ಬೆರಳು ಹೇಳಿದ್ದೇ ನಿಜ.

ಬ್ಯುರೆಟ್ ಎದುರು ಕೂತೇ ನನಗೆ ಹೊಳೆದದ್ದು: ಕಂಟ್ರೋಲ್ ಕಟ್ಲೆಟ್ ಒಡೆದಿರಲಿಲ್ಲ. ಅದೂ ಅದೇ ಬುಟ್ಟಿಯ ಬಂಗುಡೆ, ಅದೇ ಖೀಮಾ. ಮೀನು ಹಳತಾಗಿದ್ದರೆ ಎರಡೂ ಒಡೆಯಬೇಕಿತ್ತು. ಅಷ್ಟು ಜನರ ಕಣ್ಣೆದುರು ಕಾವಲಿಯ ಎಡಗಡೆ ಅದು ಹೊಂಬಣ್ಣಕ್ಕೆ ತಿರುಗಿ ಕೂತಿತ್ತು. ಕಂಟ್ರೋಲ್ ಇಡುವುದು ಇದಕ್ಕೇ ಅಲ್ಲವೇ?

ಆ ಕಾಫಿಬಣ್ಣದ ಪುಡಿಯನ್ನು ಅಂದೇ ನೆನೆಸಿ ತೂಗಿದೆ. ಹಿಡಿದ ನೀರು ಹಿಂದಿನ ಬ್ಯಾಚಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಜೋರು ಬಿಸಿಗೆ ನಾರಿನ ಒಳಗಿನ ಸಣ್ಣ ತೂತುಗಳು ಕುಸಿದು ಸೆಲ್ಯುಲೋಸ್ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮತ್ತೆ ನೀರಿಗೆ ಹಾಕಿದರೂ ಮೊದಲಿನಂತೆ ಬಿಚ್ಚಿಕೊಳ್ಳುವುದಿಲ್ಲ. ಎಂಎಸ್ಸಿಯಲ್ಲಿ ಓದಿದ್ದೇ. ನಾಬ್ ತಿರುಗಿಸುವಾಗ ನೆನಪಾಗಲಿಲ್ಲ.

ಸರ್ ಹತ್ತಿರ ರಿಜಿಸ್ಟರ್ ತೆಗೆದುಕೊಂಡು ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಆ ಅಂಕಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸಹಿ ಮಾಡಲು ಪೆನ್ನು ನನಗೇ ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಡ್ರೈಯರಿನ ಫೈಲಿಗೆ ಮೂರನೇ ಕೊಟೇಶನ್ ಇನ್ನೂ ಬಂದಿಲ್ಲ.

ಅಕ್ಕನ ಹತ್ತಿರ ತಪ್ಪಾಯಿತು ಎಂದಾಗ ಅವರು, “ಎಷ್ಟು ಕಿಲೋ ಬೇಕು, ಅದು ಹೇಳಿ” ಎಂದರು. ಅಂದಿನಿಂದ ಅಲ್ಲಿ ನನ್ನ ಚೌಕಾಸಿ ಬಂದ್. ಅವರು ಹೇಳಿದ್ದೇ ರೇಟು.