ಡ್ಯೂಟಿಗೆ ಹೋಗುವ ಗಾಡಿಯಲ್ಲೇ ರೇಸು

ಎಂಬತ್ತರ ದಶಕದ ಮೈಸೂರಲ್ಲಿ ಜಾವಾ, ಯೆಜ್ದಿ ಸದ್ದು ಕೇಳದ ಬೀದಿ ಇರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಶಿಫ್ಟು ಬಿಟ್ಟರೆ ಸಾಕು, ರಸ್ತೆ ತುಂಬಾ ಅದೇ ಗುಡುಗು, ಅದೇ ಆಯಿಲ್ ಹೊಗೆ. ನನ್ನ ಚಿಕ್ಕಪ್ಪ ಅಲ್ಲಿ ಫಿಟ್ಟರ್. ಅವರದ್ದು ಹಳೇ ಜಾವಾ 250. ಸೋಮವಾರದಿಂದ ಶನಿವಾರದವರೆಗೆ ಡ್ಯೂಟಿಗೆ ಹೋಗುತ್ತಿದ್ದ ಆ ಗಾಡಿಯೇ ಆಗಾಗ ಭಾನುವಾರ ಮಣ್ಣಿನ ರೇಸಿಗೆ ಇಳಿಯುತ್ತಿತ್ತು. ರೇಸಿಗೆ ಅಂತಲೇ ಇನ್ನೊಂದು ಬೈಕು ಇಟ್ಟುಕೊಳ್ಳುವ ಶಕ್ತಿ ಆಗ ಯಾರಿಗಿತ್ತು?

ಇವತ್ತು ಮೋಟೋಕ್ರಾಸ್, ಅಂದರೆ ಮಣ್ಣಿನ ದಿಣ್ಣೆಗಳ ಮೇಲೆ ಹಾರಿಸುತ್ತಾ ಓಡಿಸುವ ಬೈಕ್ ರೇಸು, ನೋಡುವ ಹುಡುಗರಿಗೆ ಇದನ್ನು ಹೇಳಿದರೆ ನಂಬೋದಿಲ್ಲ. ಅವರಿಗೆ ಆ ದಿನಗಳನ್ನು ತೋರಿಸಬೇಕು ಅಂತ ನನಗೆ ಬಹಳ ಆಸೆ.

ನಾನು ಪಿಯುಸಿ ಓದುತ್ತಿದ್ದಾಗ ಚಿಕ್ಕಪ್ಪನ ಜೊತೆ ಒಂದು ರೇಸಿಗೆ ಹೋಗಿದ್ದೆ. ಹಿಂದಿನ ರಾತ್ರಿಯೇ ಹಿತ್ತಲಲ್ಲಿ ಕೆಲಸ ಶುರು. ಹೆಡ್‌ಲೈಟಿನ ಗಾಜು, ಮಡ್‌ಗಾರ್ಡು, ಸ್ಟ್ಯಾಂಡು, ಚೈನು ಮುಚ್ಚುವ ಕೇಸು ಎಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆವು. ಚೈನು ಕೂರುವ ಮುಂದಿನ ಹಲ್ಲುಚಕ್ರ, ಅದೇ ಸ್ಪ್ರಾಕೆಟ್, ತೆಗೆದು ಹಲ್ಲು ಕಡಿಮೆ ಇರುವುದನ್ನು ಹಾಕಿದರು. ಟಾಪ್ ಸ್ಪೀಡ್ ಹೋದರೂ ಪರವಾಗಿಲ್ಲ, ದಿಣ್ಣೆ ಹತ್ತುವಾಗ ಎಳೆಯಬೇಕು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಸ್ಪ್ರಿಂಗ್ ಮೇಲೆ ಒಂದೊಂದು ತುಂಡು ಪೈಪು ಕೂರಿಸಿ, ಗಟ್ಟಿ ಆಯಿಲ್ ತುಂಬಿದರು. ಹಾರಿ ಬಿದ್ದಾಗ ಫೋರ್ಕು ತಳ ಮುಟ್ಟಬಾರದು ಅಂತ ಈ ಉಪಾಯ. ಮಣ್ಣು ಕಚ್ಚುವ ದಪ್ಪ ಉಬ್ಬುಗಳ ರೇಸು ಟೈರು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಇದ್ದ ಟೈರನ್ನೇ ಬ್ಲೇಡಲ್ಲಿ ಕೊಯ್ದು ಗೀರು ಆಳ ಮಾಡಿದೆವು. ಆ ಕೆಲಸ ನನ್ನದು. ಬೆಳಗಾಗುವಷ್ಟರಲ್ಲಿ ಬೆರಳೆಲ್ಲ ಕಪ್ಪು.

ಚಿಕ್ಕಪ್ಪನ ಟೂಲ್‌ಬಾಕ್ಸ್ ಮುಚ್ಚಳದ ಒಳಗೆ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಫೋಟೋ ಅಂಟಿಸಿತ್ತು. ಕೆಸರಲ್ಲಿ ಮುಳುಗಿದ ಒಬ್ಬ ಸವಾರ. "ಜೋಯಲ್ ರೋಬೇರ್ ಕಣೋ. ಬೆಲ್ಜಿಯಂ ಹುಡುಗ. ಅವನು ಓಡಿಸ್ತಿರೋದು ಸಿಝಡ್. ನಮ್ಮ ಜಾವಾಗೆ ದಾಯಾದಿ" ಅನ್ನುತ್ತಿದ್ದರು. ಮಾತು ನಿಜ. ಜಾವಾ, ಸಿಝಡ್ ಎರಡೂ ಚೆಕೊಸ್ಲೊವಾಕಿಯಾದವು. ಆ ಜಾವಾವನ್ನೇ 1961ರಿಂದ ನಮ್ಮ ಮೈಸೂರಲ್ಲಿ ತಯಾರಿಸುತ್ತಿದ್ದರು. ರೋಬೇರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದಾಗ ಅವನಿಗಿನ್ನೂ ಇಪ್ಪತ್ತು ವರ್ಷ. ಆಮೇಲೆ 1968, 1969ರಲ್ಲೂ ಸಿಝಡ್ ಮೇಲೆಯೇ ಗೆದ್ದ.

ಈ ಆಟ ಶುರುವಾಗಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಕ್ಯಾಂಬರ್ಲಿಯ ಕುರುಚಲು ಗುಡ್ಡಗಳಲ್ಲಿ ಜನ ತಮ್ಮ ತಮ್ಮ ರಸ್ತೆ ಬೈಕುಗಳನ್ನೇ ಓಡಿಸಿದರು. ಬಹಳ ಕಾಲ ಅಲ್ಲಿ ಭಾರವಾದ ಫೋರ್ ಸ್ಟ್ರೋಕ್ ಗಾಡಿಗಳದ್ದೇ ದರ್ಬಾರು. 500 ಸಿಸಿಯಲ್ಲಿ 1964, 1965ರ ವಿಶ್ವ ಕಿರೀಟ ಜೆಫ್ ಸ್ಮಿತ್ ಅವರ ಇಂಗ್ಲಿಷ್ ಬೈಕು ಬಿಎಸ್‌ಎಗೆ ಬಂತು. ಮಾರನೇ ವರ್ಷವೇ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಹಗುರಾದ ಟೂ ಸ್ಟ್ರೋಕ್ ಸಿಝಡ್ ತಂದು ಅದನ್ನು ಕಿತ್ತುಕೊಂಡರು. 1967, 1968ರಲ್ಲೂ ಬಿಡಲಿಲ್ಲ. ಕಡಿಮೆ ಬಿಡಿಭಾಗ, ಕಡಿಮೆ ತೂಕ, ಬಿದ್ದರೆ ಎತ್ತೋದು ಸುಲಭ. ಅದೇ ಸರಳ ಟೂ ಸ್ಟ್ರೋಕ್ ಇಂಜಿನ್ನನ್ನು ಬಿಚ್ಚಿ ಕಟ್ಟುತ್ತಿದ್ದ ಕೈಗಳು ನಮ್ಮ ಯಾದವಗಿರಿಯಲ್ಲೂ ಇದ್ದವು ಅಂತ ನೆನೆದರೆ ಇವತ್ತಿಗೂ ಎದೆ ಉಬ್ಬುತ್ತದೆ.

ಭಾನುವಾರ ಬೆಳಗ್ಗೆ ಊರಾಚೆಯ ಬಯಲು. ಉಳುಮೆ ಮಾಡಿದ ಹೊಲದಂಥ ನೆಲ, ಮಣ್ಣು ಪೇರಿಸಿ ಮಾಡಿದ ಎರಡು ದಿಣ್ಣೆ, ಸುತ್ತ ಕಟ್ಟಿದ ಹಗ್ಗ. ಜಾವಾ, ಯೆಜ್ದಿ, ರಾಜದೂತ್ ಎಲ್ಲ ಒಂದೇ ಸಾಲಲ್ಲಿ. ಸವಾರರಲ್ಲಿ ಮೆಕ್ಯಾನಿಕ್ಕುಗಳಿದ್ದರು, ಕಾಲೇಜು ಹುಡುಗರಿದ್ದರು, ಕಾಫಿ ತೋಟದ ಮನೆಯವರಿದ್ದರು. ಬಾವುಟ ಕೆಳಗಿಳಿದದ್ದಷ್ಟೇ ಗೊತ್ತು, ಮುಂದೆ ಬರೀ ಧೂಳು. ಮುಂದಿನವನ ಹೊಗೆ ಹಿಂದಿನವನ ಬಾಯಿಗೆ.

ಅರ್ಧ ರೇಸಿನಲ್ಲಿ ಚಿಕ್ಕಪ್ಪನ ಕ್ಲಚ್ ಕೇಬಲ್ ತುಂಡಾಯಿತು. ತಿರುವಿನಲ್ಲಿ ಗಾಡಿ ಆಫ್. ಕಥೆ ಮುಗೀತು ಅಂದುಕೊಂಡೆ. ಆದರೆ ಹಳೇ ಜಾವಾದಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಎಡಗಡೆ ಇರುವ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್, ವಾಪಸ್ ತಂದರೆ ಗೇರು. ಜೊತೆಗೆ ಗೇರು ಹಾಕಲು ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕು ಅಂತಿಲ್ಲ. ಚಿಕ್ಕಪ್ಪ ಲಿವರ್ ತಿರುಗಿಸಿ ಒಂದೇ ಒದೆ ಒದ್ದರು. ಇಂಜಿನ್ ಎದ್ದಿತು. ಲಿವರನ್ನು ಮತ್ತೆ ಗೇರಿಗೆ ತಂದು, ಪಾದದಲ್ಲಿ ಒತ್ತಿ ಹಿಡಿದು, ಆಕ್ಸಿಲರೇಟರ್ ಕೊಡುತ್ತಾ ಮೆಲ್ಲಗೆ ಬಿಟ್ಟರು. ಗಾಡಿ ಹೊರಟಿತು! ಕೈಯ ಕ್ಲಚ್ ಇಲ್ಲದೆ ಉಳಿದ ಸುತ್ತೆಲ್ಲ ಮುಗಿಸಿದರು. ಬಹುಮಾನವೇನೂ ಬರಲಿಲ್ಲ. ಆದರೆ ಹಗ್ಗದ ಆಚೆ ನಿಂತಿದ್ದ ಫ್ಯಾಕ್ಟರಿ ಗೆಳೆಯರು ಹಾಕಿದ ಶಿಳ್ಳೆ ಗೆದ್ದವನಿಗೂ ಸಿಗಲಿಲ್ಲ. ಅವರೆಲ್ಲ ಆ ಲಿವರ್, ಆ ಕ್ಲಚ್ ಪ್ಲೇಟುಗಳನ್ನು ತಮ್ಮ ಕೈಯಲ್ಲೇ ಜೋಡಿಸಿದವರು. ಗಾಡಿ ಗುರಿ ಮುಟ್ಟಿದ್ದು ಅವರದ್ದೂ ಗೆಲುವಾಗಿತ್ತು.

ಸಂಜೆ ಮನೆಗೆ ಬಂದು ಮತ್ತೆ ಲೈಟು, ಮಡ್‌ಗಾರ್ಡು, ಹೊಸ ಕೇಬಲ್ ಹಾಕಿ ಮುಗಿಸುವಾಗ ರಾತ್ರಿ ಊಟದ ಹೊತ್ತು ಮೀರಿತ್ತು. ಬೆಳಗ್ಗೆ ಡ್ಯೂಟಿ ಇತ್ತಲ್ವಾ.

ಆಟ ಆಗಲೇ ಬದಲಾಗತೊಡಗಿತ್ತು. 1973ರಲ್ಲೇ ಯಮಾಹಾ ಹಿಂದೆ ಒಂದೇ ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತ್ತು. ಆಮೇಲೆ ಚಕ್ರ ಮೇಲೆ ಕೆಳಗೆ ಆಡುವ ಜಾಗ ಹೆಚ್ಚುತ್ತಾ ಹೋಗಿ, ಈಗಿನ ಮೋಟೋಕ್ರಾಸ್ ಬೈಕಲ್ಲಿ ಸುಮಾರು ಒಂದಡಿ ಮುಟ್ಟಿದೆ. ಹಾರುವ ಎತ್ತರವೂ ಬೆಳೆಯಿತು. ಅಂಥ ಗಾಡಿಯಲ್ಲಿ ಡ್ಯೂಟಿಗೆ ಹೋಗೋಕಾಗಲ್ಲ. ಇವತ್ತಿನ ಸವಾರರ ಧೈರ್ಯ, ಕಸರತ್ತು ನನಗೆ ಬಹಳ ಇಷ್ಟ. ಆದರೆ ನೋಡುವವನಿಗೂ ಓಡಿಸುವವನಿಗೂ ನಡುವೆ ಆಗ ಬರೀ ಒಂದು ಹಗ್ಗ ಇತ್ತು. ಆ ಹತ್ತಿರದ ನಂಟು ಹೋಯಿತಲ್ಲ ಅಂತ ಸಂಕಟವಾಗುತ್ತದೆ.

1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಚಿಕ್ಕಪ್ಪ ಅದರ ಬಗ್ಗೆ ಜಾಸ್ತಿ ಮಾತಾಡೋದಿಲ್ಲ. 2015ರಲ್ಲಿ ಮೋಟೋಕ್ರಾಸ್‌ನಿಂದಲೇ ಬೆಳೆದ ಬೆಂಗಳೂರಿನ ಸಿ.ಎಸ್. ಸಂತೋಷ್, ಮರುಭೂಮಿಗಳಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದಾಗ ನಾನೇ ಫೋನ್ ಮಾಡಿ ಹೇಳಿದೆ. ಖುಷಿಪಟ್ಟರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಗಾಡಿ ಕೆಟ್ಟರೆ ಯಾರೋ ರಿಪೇರಿ ಮಾಡೋದು?"

"ಮೆಕ್ಯಾನಿಕ್ಕುಗಳು ಇರ್ತಾರೆ ಚಿಕ್ಕಪ್ಪ. ಆದ್ರೆ ಮ್ಯಾರಥಾನ್ ಸ್ಟೇಜ್ ಅಂತ ಇದೆ, ಆ ರಾತ್ರಿ ಅವರು ಬರೋ ಹಾಗಿಲ್ಲ. ಸವಾರರೇ ನೋಡಿಕೊಳ್ಳಬೇಕು" ಅಂದೆ.

"ಹಂಗಾದ್ರೆ ಆ ಸ್ಟೇಜ್ ಯಾವತ್ತು ಬರುತ್ತೆ ಹೇಳು, ಮುಂದಿನ ವರ್ಷ ಅದನ್ನೇ ನೋಡೋಣ" ಅಂದರು ಚಿಕ್ಕಪ್ಪ.