ಹೊಸಪೇಟೆಯವನು ಫಿಲಡೆಲ್ಫಿಯಾ ನೋಡಿದ ದಿನ

ಹೊಸಪೇಟೆಯಲ್ಲಿ ಮನೆ ಇದೆ ಅಂದರೆ ವರ್ಷಕ್ಕೆ ಏನಿಲ್ಲ ಅಂದರೂ ಹತ್ತು ಸಲ ಯಾರಿಗಾದರೂ ಹಂಪಿ ತೋರಿಸಬೇಕು. ದಸರಾ ರಜೆಗೆ ಬರುವವರು ಬೇರೆ, ಡಿಸೆಂಬರಿಗೆ ಬರುವವರು ಬೇರೆ, ಇದರ ಮಧ್ಯೆ ಹೆಂಡತಿಯ ಚಿಕ್ಕಪ್ಪನ ಮಗನ ಆಫೀಸಿನವರು ಬೇರೆ. ವಿರೂಪಾಕ್ಷನಿಂದ ಶುರು, ಸಾಸಿವೆಕಾಳು ಗಣಪ, ಉಗ್ರ ನರಸಿಂಹ, ಕಮಲ ಮಹಲ್, ಕೊನೆಗೆ ಬ್ಯಾಟರಿ ಗಾಡಿ ಹತ್ತಿ ವಿಠ್ಠಲ ಗುಡಿ. ಐವತ್ತರ ಹೊಸ ನೋಟು ಬಂದ ಮೇಲಂತೂ ಎಲ್ಲರಿಗೂ ಅದನ್ನು ಎತ್ತಿ ಹಿಡಿದು ಕಲ್ಲಿನ ರಥದ ಮುಂದೆ ಫೋಟೋ ಬೇಕು. ಮೂವತ್ತು ವರ್ಷದಿಂದ ಹೇಳಿದ್ದನ್ನೇ ಹೇಳುತ್ತಿದ್ದೇನೆ. ನೆಂಟರಿಲ್ಲದೆ ನಾನೊಬ್ಬನೇ ಹಂಪಿಗೆ ಹೋಗಿದ್ದು ಯಾವಾಗ ಅಂತ ಕೇಳಿದರೆ ನೆನಪೇ ಇಲ್ಲ.

ಹಾಗಾಗಿ 2023ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ, ಭಾವನ ಮಾತಿಗೆ ನನಗೆ ಬೇಜಾರಾಗಲಿಲ್ಲ. ಹದಿನೇಳು ವರ್ಷದಿಂದ ಅಲ್ಲೇ ಇದ್ದಾರೆ. ಫಿಲಡೆಲ್ಫಿಯಾಗೆ ರೈಲಲ್ಲಿ ಎರಡು ಗಂಟೆ. ನೋಡಿದ್ದೀರಾ ಭಾವ ಅಂದರೆ, "ಅಲ್ಲೇನಿದೆ ಮಾರಾಯ, ಒಂದು ಒಡೆದ ಗಂಟೆ. ಅದಕ್ಕೆ ಒಂದು ದಿನ ಹಾಳು ಮಾಡ್ತೀಯಾ?" ಅಂದರು. ಪಕ್ಕಾ ಹೊಸಪೇಟೆಯವರ ಮಾತು!

ಶುಕ್ರವಾರ ಬೆಳಿಗ್ಗೆ ಒಬ್ಬನೇ ಹೊರಟೆ. ಅಕ್ಕ ಚಪಾತಿ ಸುತ್ತಿ ಕೊಟ್ಟಿದ್ದಳು, ಜೊತೆಗೆ ಅಲ್ಲೇ ಕೊಂಡ ಹೊಸ ಶೂ. (ಊರು ನೋಡಲು ಹೊಸ ಶೂ ಹಾಕಬೇಡಿ ಅಂತ ನೆಂಟರಿಗೆಲ್ಲ ಹೇಳುವವನು ನಾನೇ.) ಟ್ರೆಂಟನ್‌ನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ಅದು ಡೆಲವೇರ್ ನದಿ ದಾಟುವಾಗ ಪಕ್ಕದ ಹಳೇ ಸೇತುವೆಯ ಮೇಲೆ ಆಳುದ್ದದ ಅಕ್ಷರಗಳು ಕಾಣುತ್ತವೆ: ಟ್ರೆಂಟನ್ ತಯಾರಿಸುತ್ತದೆ, ಜಗತ್ತು ಕೊಳ್ಳುತ್ತದೆ ಅನ್ನುವ ಅರ್ಥದ ಸಾಲು. ಊರಿನ ಮೇಲೆ ಇಷ್ಟು ಅಭಿಮಾನ ಇರಬೇಕಪ್ಪ ಅನ್ನಿಸಿತು.

ಫಿಲಡೆಲ್ಫಿಯಾದಲ್ಲಿ ದಾರಿ ತಪ್ಪುವುದು ಕಷ್ಟ. ವಿಲಿಯಂ ಪೆನ್ ಅನ್ನುವವರು 1682ರಲ್ಲೇ ಗೆರೆ ಎಳೆದು ಚೌಕಚೌಕವಾಗಿ ಊರು ಹಾಕಿಸಿದರು. ಒಂದು ಕಡೆಯ ರಸ್ತೆಗಳಿಗೆ ನಂಬರು, ಅವನ್ನು ದಾಟುವ ರಸ್ತೆಗಳಿಗೆ ಹೆಚ್ಚಾಗಿ ಮರದ ಹೆಸರು: ಚೆಸ್ಟ್‌ನಟ್, ವಾಲ್ನಟ್, ಪೈನ್. ಜಯನಗರದ ಮೇನು, ಕ್ರಾಸು ಗೊತ್ತಿದ್ದವರಿಗೆ ಐದು ನಿಮಿಷ ಸಾಕು. ಮಧ್ಯೆ ಹದಿನಾಲ್ಕನೇ ರಸ್ತೆ ಮಾತ್ರ ಸಿಗಲ್ಲ. ಅದರ ಜಾಗದಲ್ಲಿ ಬ್ರಾಡ್ ಸ್ಟ್ರೀಟ್ ಇದೆ.

ಮೊದಲು ಭಾವ ಹೇಳಿದ ಆ ಗಂಟೆ, ಲಿಬರ್ಟಿ ಬೆಲ್, ಅಮೆರಿಕದವರಿಗೆ ಸ್ವಾತಂತ್ರ್ಯದ ಗುರುತು. ಬಿಟ್ಟಿ, ಟಿಕೆಟ್ಟಿಲ್ಲ. ಆದರೆ ವಿಮಾನ ಹತ್ತುವ ಹಾಗೆ ಬ್ಯಾಗು ತೋರಿಸಿ ಒಳಗೆ ಹೋಗಬೇಕು. ನಾನು ಏನೋ ದೊಡ್ಡದು ಅಂದುಕೊಂಡಿದ್ದೆ. ಎತ್ತರ ನನ್ನ ಎದೆಯಷ್ಟೂ ಇಲ್ಲ. ತೂಕ ಮಾತ್ರ 900 ಕಿಲೋ ದಾಟುತ್ತದೆ. 1752ರಲ್ಲಿ ಲಂಡನ್ನಿಂದ ಬಂತು, ಮೊದಲ ಸಲ ಬಾರಿಸಿ ನೋಡುವಾಗಲೇ ಬಿರುಕು. ಪಾಸ್ ಮತ್ತು ಸ್ಟೋ ಅಂತ ಊರಿನ ಇಬ್ಬರು ಅದನ್ನು ಕರಗಿಸಿ ಮತ್ತೆ ಎರಕ ಹೊಯ್ದರು. ಸದ್ದು ಯಾರಿಗೂ ಸೇರಲಿಲ್ಲ. ಇನ್ನೊಂದು ಸಲ ಕರಗಿಸಿ ಹೊಯ್ದರು. ಈಗ ಇರುವುದು ಆ ಮೂರನೇ ಗಂಟೆ. ಅದರ ಮೇಲೆ ಪೆನ್ಸಿಲ್ವೇನಿಯಾ ಅನ್ನುವುದಕ್ಕೆ ಒಂದೇ 'ಎನ್' ಹಾಕಿದ್ದಾರೆ. ಆ ಕಾಲಕ್ಕೆ ಹಾಗೂ ಬರೆಯುತ್ತಿದ್ದರಂತೆ.

ನನಗೆ ಹಿಡಿಸಿದ್ದು ಆ ಬಿರುಕಿನ ಕಥೆ. ಫೋಟೋದಲ್ಲಿ ಕಾಣುವ ಅಗಲವಾದ ಸೀಳು ಇದೆಯಲ್ಲ, ಅದು ಬಿರುಕಲ್ಲ, ರಿಪೇರಿ! ಕೂದಲೆಳೆಯಂಥ ಒಂದು ಬಿರುಕು ಬಿಟ್ಟಿತ್ತು. ಎರಡು ಅಂಚು ಒಂದಕ್ಕೊಂದು ತಾಗಿ ಜರ್ ಅನ್ನಬಾರದು ಅಂತ ಬೇಕೆಂದೇ ಅದನ್ನು ಕೊರೆದು ಅಗಲ ಮಾಡಿದರು. 1846ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಹುಟ್ಟುಹಬ್ಬಕ್ಕೆ ಬಾರಿಸಿದರು. ಆಗ ರಿಪೇರಿಯ ಮೇಲ್ತುದಿಯಿಂದ ಇನ್ನೊಂದು ಸಣ್ಣ ಬಿರುಕು ಹಾವಿನ ಹಾಗೆ ಮೇಲಕ್ಕೆ ಹೋಯಿತು. ಅಲ್ಲಿಗೆ ಗಂಟೆಯ ಬಾಯಿ ಮುಚ್ಚಿತು. ಹತ್ತಿರ ನಿಂತು ನೋಡಿದರೆ ಆ ಎರಡನೇ ಬಿರುಕು ಅಕ್ಷರಗಳ ನಡುವೆ ಹಾದುಹೋಗಿದ್ದು ಸಣ್ಣಗೆ ಕಾಣುತ್ತದೆ. ಬಹಳ ಜನ ಅದನ್ನು ನೋಡದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಕೈ ತುರಿಸುತ್ತಿತ್ತು, ಇಲ್ಲಿ ನೋಡ್ರೀ ಅಂತ ತೋರಿಸೋಣ ಅಂತ. ಸುಮ್ಮನಿದ್ದೆ.

ಗಂಟೆಯ ಕಟ್ಟಡದ ಬಾಗಿಲ ಹತ್ತಿರವೇ ಇನ್ನೊಂದು ಜಾಗ ಇದೆ, ಚಾವಣಿ ಇಲ್ಲದ ಮನೆಯಂಥದ್ದು. ಗೋಡೆಯ ತುಂಡು, ಕಿಟಕಿ ಚೌಕಟ್ಟು, ಅಷ್ಟೇ. 1790ರಿಂದ 1800ರವರೆಗೆ ಈ ಊರೇ ಅಮೆರಿಕದ ರಾಜಧಾನಿ. ಅಧ್ಯಕ್ಷ ವಾಷಿಂಗ್ಟನ್ ಇದ್ದ ಮನೆ ಇಲ್ಲಿತ್ತು. ಅವರ ಜೊತೆ ಒಂಬತ್ತು ಜನ ಗುಲಾಮರೂ ಇದ್ದರು. ಆ ಒಂಬತ್ತೂ ಹೆಸರು ಕಲ್ಲಿನ ಗೋಡೆಯಲ್ಲಿ ಕೆತ್ತಿದ್ದಾರೆ. ಪೆನ್ಸಿಲ್ವೇನಿಯಾದ ಕಾನೂನಿನಲ್ಲಿ, ಹೊರಗಿನವರು ತಂದ ಗುಲಾಮರು ಆರು ತಿಂಗಳಿಗಿಂತ ಜಾಸ್ತಿ ಇಲ್ಲೇ ಉಳಿದರೆ ಬಿಡುಗಡೆ ಕೇಳಬಹುದಿತ್ತು. ಅದಕ್ಕೆ ಮನೆಯವರು ಏನು ಮಾಡುತ್ತಿದ್ದರು ಗೊತ್ತಾ? ಆರು ತಿಂಗಳು ತುಂಬುವುದರೊಳಗೆ ಅವರನ್ನು ಗಡಿ ದಾಟಿಸಿ ಮತ್ತೆ ಕರೆತರುತ್ತಿದ್ದರು. ಲೆಕ್ಕ ಮೊದಲಿಂದ ಶುರು. ನಮ್ಮ ಕಡೆ ಗುತ್ತಿಗೆ ಕೆಲಸದವರನ್ನು ಪರ್ಮನೆಂಟ್ ಮಾಡಬಾರದು ಅಂತ ನಡುವೆ ಒಂದು ದಿನ ಬಿಡಿಸಿ ಮತ್ತೆ ಸೇರಿಸಿಕೊಳ್ಳುತ್ತಾರಲ್ಲ, ಅದೇ ಬುದ್ಧಿ.

ಓನಾ ಜಡ್ಜ್ ಅನ್ನುವ ಹುಡುಗಿ 1796ರಲ್ಲಿ, ಮನೆಯವರು ಊಟಕ್ಕೆ ಕೂತಿದ್ದಾಗ, ಈ ಮನೆಯಿಂದ ಎದ್ದು ಹೊರಟುಬಿಟ್ಟಳು. ಹುಡುಕಿ ತಂದವರಿಗೆ ಹತ್ತು ಡಾಲರ್ ಅಂತ ಪೇಪರಿನಲ್ಲಿ ಜಾಹೀರಾತು. ಅವರ ಕೈಗೆ ಸಿಗಲೇ ಇಲ್ಲ. ನ್ಯೂ ಹ್ಯಾಂಪ್‌ಷೈರಿನಲ್ಲಿ 1848ರವರೆಗೆ ಬದುಕಿದಳು. ಆ ಗೋಡೆಯ ಹತ್ತಿರ ಸುಮಾರು ಹೊತ್ತು ಕೂತೆ. ಕಾಲೂ ನೋಯುತ್ತಿತ್ತು ಅನ್ನಿ. ಮೂವತ್ತು ವರ್ಷ ಹಂಪಿ ತೋರಿಸಿದ್ದೇನೆ, ಕೃಷ್ಣದೇವರಾಯ ಎಲ್ಲಿ ಕೂರುತ್ತಿದ್ದ, ರಾಣಿ ಎಲ್ಲಿ ಸ್ನಾನ ಮಾಡುತ್ತಿದ್ದಳು ಅಂತ ಬಾಯಿಪಾಠ. ಆ ಕಲ್ಲು ಹೊತ್ತವರ ಒಂದು ಹೆಸರು ನನಗೆ ಗೊತ್ತಿಲ್ಲ. ಯಾರೂ ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ.

ಎದುರಿನ ಇಂಡಿಪೆಂಡೆನ್ಸ್ ಹಾಲ್‌ಗೆ ಹೊತ್ತು ಹಾಕಿದ ಟಿಕೆಟ್ಟು ಬೇಕು. ಅಕ್ಕನ ಮಗಳು ಆನ್‌ಲೈನಿನಲ್ಲಿ ಒಂದು ಡಾಲರ್ ಕೊಟ್ಟು ಮಾಡಿಸಿದ್ದಳು. 1776ರ ಸ್ವಾತಂತ್ರ್ಯ ಘೋಷಣೆ ಒಪ್ಪಿದ್ದು, 1787ರಲ್ಲಿ ಸಂವಿಧಾನ ಬರೆದದ್ದು, ಎರಡೂ ಒಂದೇ ಕೋಣೆಯಲ್ಲಿ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಗರಿಯ ಪೆನ್ನು, ಮೇಣದ ಬತ್ತಿ. ಅಗಲ ಅಂಚಿನ ಟೋಪಿಯ ರೇಂಜರ್ ಒಬ್ಬರು ಕಥೆ ಹೇಳುತ್ತಾರೆ. ಅವರು ಮಾಡಿದ ಒಂದು ಕೆಲಸ ನೋಡಿ ನಾನು ದಂಗಾದೆ. ಇಲ್ಲಿರುವ ಸಾಮಾನು ಬಹುತೇಕ ಆ ಕಾಲದ್ದು, ಆದರೆ ಈ ಕೋಣೆಯದ್ದಲ್ಲ, ಖಂಡಿತ ಇಲ್ಲಿಯದ್ದೇ ಅಂದರೆ ಮುಂದಿನ ಆ ಕುರ್ಚಿ ಅಂತ ನೇರವಾಗಿ ಹೇಳಿಬಿಟ್ಟರು. ಸಂವಿಧಾನ ಬರೆಯುವ ಸಭೆಯಲ್ಲಿ ವಾಷಿಂಗ್ಟನ್ ಕೂತ ಕುರ್ಚಿ ಅದು. ಬೆನ್ನಿಗೆ ಅರ್ಧ ಸೂರ್ಯನ ಕೆತ್ತನೆ. ನಮ್ಮಲ್ಲಿ ಗೈಡುಗಳು (ನಾನೂ ಸೇರಿ) ಹೀಗೆ ಬಿಟ್ಟುಕೊಡುತ್ತೇವಾ? ಪ್ರತಿ ಕಲ್ಲಿಗೂ ಒಬ್ಬ ರಾಣಿಯನ್ನು ಅಂಟಿಸಿಯೇ ಕಳಿಸುವುದು.

ಹೊರಗೆ ಬಂದು ನನಗೂ ಆ ಚಪಲ ಬಂತು. ಈ ಕಟ್ಟಡ ನೂರು ಡಾಲರ್ ನೋಟಿನ ಹಿಂದೆ ಇದೆ. ಜೇಬಿನಲ್ಲಿ ನೂರರ ನೋಟು ಇರಲಿಲ್ಲ. ಪರ್ಸಿನಲ್ಲಿ ಒಂದು ಐವತ್ತು ರೂಪಾಯಿ ಇತ್ತು. ಅದನ್ನೇ ಎತ್ತಿ ಹಿಡಿದು, ಇಂಡಿಪೆಂಡೆನ್ಸ್ ಹಾಲಿನ ಮುಂದೆ ಕಲ್ಲಿನ ರಥದ ಫೋಟೋ ತೆಗೆದೆ. ಮನೆಯ ಗ್ರೂಪಿಗೆ ಹಾಕಿದೆ. ಅಲ್ಲಿ ರಾತ್ರಿ, ಆದರೂ ಹೆಂಡತಿಯಿಂದ ತಕ್ಷಣ ಉತ್ತರ: "ಅಲ್ಲೂ ಅದೇನಾ?"

ನೋಟಿನ ಮುಂದಿರುವ ಬೆಂಜಮಿನ್ ಫ್ರಾಂಕ್ಲಿನ್ ಸಮಾಧಿ ಎರಡು ರಸ್ತೆ ಆಚೆ. ಕಂಬಿ ಬೇಲಿಯ ಹೊರಗಿಂದಲೇ ಕಾಣುತ್ತದೆ. ಕಲ್ಲಿನ ಮೇಲೆಲ್ಲ ಒಂದೊಂದು ಸೆಂಟಿನ ನಾಣ್ಯ. ದುಡ್ಡು ಉಳಿಸಿ ಅಂತ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯನ ಮೇಲೆ ದುಡ್ಡು ಎಸೆಯುತ್ತಾರೆ.

ಅಷ್ಟೊತ್ತಿಗೆ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ. ಕುಂಟುತ್ತಾ ಊಟದ ಮಾರ್ಕೆಟ್ಟಿಗೆ ಬಂದೆ. ಬೋರ್ಡಿನ ಅಕ್ಷರ ನೋಡಿ 'ರೀಡಿಂಗ್ ಟರ್ಮಿನಲ್' ಎಲ್ಲಿ ಅಂದರೆ ಒಬ್ಬರು ನಕ್ಕು ತಿದ್ದಿದರು, 'ರೆಡ್ಡಿಂಗ್' ಅನ್ನಬೇಕಂತೆ. ರೆಡ್ಡಿ ಅಂತ ಇಟ್ಟುಕೊಂಡೆ, ಇನ್ನು ಮರೆಯಲ್ಲ. 1893ರಲ್ಲಿ ರೈಲ್ವೆ ಸ್ಟೇಷನ್ನಿನ ಕೆಳಗೆ ಶುರುವಾದ ಸಂತೆ, ಮೇಲೆ ರೈಲು ನಿಂತು ಹೋದರೂ ಕೆಳಗೆ ಸಂತೆ ನಡೆದಿದೆ. ಈ ಊರಿನ ಹೆಸರುವಾಸಿ ಸ್ಯಾಂಡ್‌ವಿಚ್ಚಿನಲ್ಲಿ ದನದ ಮಾಂಸ, ನನಗೆ ಆಗಲ್ಲ. ಬಿಳಿ ಟೋಪಿಯ ಆಮಿಷ್ (ಹಳೇ ಕಾಲದ ಹಾಗೇ ಬದುಕುವ ಒಂದು ಕ್ರೈಸ್ತ ಪಂಗಡ) ಹುಡುಗಿಯರ ಅಂಗಡಿ ಸಿಕ್ಕಿತು. ಹಿಟ್ಟನ್ನು ಹಗ್ಗದ ಹಾಗೆ ಎಳೆದು, ನಮ್ಮಲ್ಲಿ ಕೋಡುಬಳೆ ಸುತ್ತುವಷ್ಟು ಬೇಗ ಗಂಟು ಹಾಕಿ, ಬೇಯಿಸಿ, ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ. ಪ್ರೆಟ್ಜೆಲ್. ಎರಡು ತಿಂದೆ. ಅಕ್ಕನ ಚಪಾತಿ ಹಾಗೇ ಉಳಿಯಿತು.

ಸಿಟಿ ಹಾಲ್ ದಾರಿಯಲ್ಲೇ ಇದೆ. ಗೋಪುರದ ತುದಿಯಲ್ಲಿ 11 ಮೀಟರ್ ಎತ್ತರದ ಪೆನ್ ಪ್ರತಿಮೆ. ಪೆನ್ ಟೋಪಿಗಿಂತ ಎತ್ತರ ಯಾರೂ ಕಟ್ಟಬಾರದು ಅಂತ ಬಾಯಿಮಾತಿನ ಒಪ್ಪಂದ ಇತ್ತು. 1987ರಲ್ಲಿ ಒಂದು ಕಟ್ಟಡ ಅದನ್ನು ಮೀರಿತು. ಆಮೇಲೆ ಊರಿನ ದೊಡ್ಡ ಟೀಮುಗಳು ಯಾವುದರಲ್ಲೂ ಕಪ್ ಗೆಲ್ಲಲಿಲ್ಲ. ಶಾಪ ಅಂದರು ಜನ. 2007ರಲ್ಲಿ ಅದಕ್ಕಿಂತಲೂ ಎತ್ತರದ ಕಟ್ಟಡ ಎದ್ದಾಗ ಕೆಲಸಗಾರರು ತುತ್ತತುದಿಯ ತೊಲೆಗೆ ಒಂದು ಪುಟಾಣಿ ಪೆನ್ ಬೊಂಬೆ ಅಂಟಿಸಿದರು. ಮರುವರ್ಷ ಬೇಸ್‌ಬಾಲ್ ಟೀಮು ಗೆದ್ದಿತು! ನಮ್ಮಲ್ಲಿ ಕಟ್ಟಡಕ್ಕೆ ದೃಷ್ಟಿಬೊಂಬೆ ಕಟ್ಟಿದರೆ ಮೂಢನಂಬಿಕೆ, ಅಲ್ವಾ?

ಸಂಜೆ ಐದಾದ ಮೇಲೆ ಕಲಾ ಮ್ಯೂಸಿಯಂಗೆ ಹೋದೆ. ಶುಕ್ರವಾರ ಆ ಹೊತ್ತಿಗೆ ಮನಸ್ಸಿಗೆ ಬಂದಷ್ಟು ಕೊಟ್ಟರೆ ಸಾಕು. ಐದು ಡಾಲರ್ ಕೊಟ್ಟೆ. ಮುಂದಿನ 72 ಮೆಟ್ಟಿಲನ್ನು ಹುಡುಗರು 'ರಾಕಿ' ಅನ್ನುವ ಬಾಕ್ಸಿಂಗ್ ಸಿನಿಮಾದ ಹೀರೋ ಹಾಗೆ ಓಡಿ ಹತ್ತುತ್ತಿದ್ದರು. ನಾನು ಕುಂಟುತ್ತಾ ಹತ್ತಿದೆ. ಮೇಲಿನ ಮಹಡಿಯಲ್ಲಿ ಸುಮ್ನೆ ತಿರುಗುತ್ತಿದ್ದವನು ಒಂದು ತಿರುವಿನಲ್ಲಿ ನಿಂತುಬಿಟ್ಟೆ. ಎದುರಿಗೆ ಗುಡಿ ಮಂಟಪ. ಕಲ್ಲಿನ ಕಂಬ, ಕಂಬದಲ್ಲಿ ಆಳೆತ್ತರದ ಮೂರ್ತಿಗಳು, ಮಬ್ಬು ಬೆಳಕು. ಮಧುರೆಯ ಮದನಗೋಪಾಲಸ್ವಾಮಿ ಗುಡಿಯದ್ದು, ಸುಮಾರು 1560ರದ್ದು. ಅಡೆಲಿನ್ ಪೆಪ್ಪರ್ ಗಿಬ್ಸನ್ ಅನ್ನುವವರು 1912ರಲ್ಲಿ ಮಧುರೆಗೆ ಹೋದಾಗ ಗುಡಿಯ ಹತ್ತಿರ ರಾಶಿ ಬಿದ್ದಿದ್ದ ಕಂಬಗಳನ್ನು ಕೊಂಡು ತಂದಿದ್ದು. 1560 ಅಂದರೆ ಮಧುರೆಯ ನಾಯಕರು ಇನ್ನೂ ವಿಜಯನಗರದ ಕೈಕೆಳಗಿದ್ದ ಕಾಲ, ರಕ್ಕಸಗಿ ತಂಗಡಗಿ ಯುದ್ಧಕ್ಕೆ ಐದು ವರ್ಷ ಮುಂಚೆ. ಕಂಬದ ಮೈ ನೋಡಿದರೆ ನಮ್ಮೂರೇ. ಬಾವಲಿ ವಾಸನೆ ಇಲ್ಲ, ಎಣ್ಣೆ ಜಿಡ್ಡಿಲ್ಲ, ಅಷ್ಟೇ ವ್ಯತ್ಯಾಸ.

ಪಕ್ಕದಲ್ಲಿ ವಯಸ್ಸಾದ ದಂಪತಿ ಇದ್ದರು. ನನ್ನ ಮುಖ ನೋಡಿ ಆ ತಾಯಿ, ಇಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿದರು. ಅಷ್ಟೇ ಸಾಕಾಯಿತು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಮೂವತ್ತು ವರ್ಷದ ಪಾಠ ಶುರು. ಉತ್ಸವ ಅಂದರೇನು, ದೇವರನ್ನು ಮಂಟಪಕ್ಕೆ ಯಾಕೆ ತರುತ್ತಾರೆ, ವಿಜಯನಗರ, ಯುದ್ಧ. ಇನ್ನೂ ಇಬ್ಬರು ಬಂದು ನಿಂತರು. ನಾನು ವಿಠ್ಠಲ ಗುಡಿಯ ಸಂಗೀತ ಕಂಬಕ್ಕೆ ಬಂದೆ. ಬೆರಳಿನಿಂದ ಹೀಗೆ ತಟ್ಟಿದರೆ ಸ್ವರ ಬರುತ್ತದೆ ಅಂತ ಹೇಳುತ್ತಾ, ಮಾತಿನ ಭರದಲ್ಲಿ ಎರಡು ಬೆರಳು ಕಂಬಕ್ಕೆ ಒಯ್ದೆ.

"ಸರ್! ಪ್ಲೀಸ್ ಡೋಂಟ್ ಟಚ್!"

ಮೂಲೆಯಲ್ಲಿ ನಿಂತಿದ್ದ ಗಾರ್ಡ್. ಕೈ ಹಿಂದೆ ಎಳೆದುಕೊಂಡೆ. ವಿಠ್ಠಲ ಗುಡಿಯಲ್ಲಿ ಎಷ್ಟು ಮಕ್ಕಳ ಕೈ ಹಿಡಿದು ಜಗ್ಗಿದ್ದೇನೋ, "ಏಯ್, ಮುಟ್ಟಬೇಡ್ರೋ, ಗಾರ್ಡ್ ಬೈತಾನೆ" ಅಂತ.

ರಾತ್ರಿ ಎಡಿಸನ್ ಸ್ಟೇಷನ್ನಿಗೆ ಭಾವ ಕಾರು ತಂದಿದ್ದರು. ನಾನು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಕೂತೆ.

"ಹೆಂಗಿತ್ತಪ್ಪ ನಿನ್ನ ಒಡೆದ ಗಂಟೆ?"

"ಗಂಟೆ ಚೆನ್ನಾಗಿತ್ತು ಭಾವ. ಬೈಸಿಕೊಂಡಿದ್ದು ಮಾತ್ರ ನಮ್ಮೂರ ಕಡೆ ಕಂಬದ ಹತ್ತಿರ."